ಸ್ಟಾಪ್ ಮೋಷನ್‌ಗೆ ಗುಂಡಿನ ಫ್ಲ್ಯಾಶ್ ಹಾಕುವ ಮುನ್ನ ಇದನ್ನೊಮ್ಮೆ ಓದಿ

ಮೂರು ಸೆಕೆಂಡಿನ ಒಂದು ದೃಶ್ಯ. 36 ಫೋಟೋ. ಅದನ್ನು ಕೈಯಾರೆ ಹಾಳು ಮಾಡಿಕೊಂಡೆ, ಮತ್ತೆ ಸರಿಮಾಡಲು ಆಗಲೇ ಇಲ್ಲ. ಬಂದೂಕಿನ ದೃಶ್ಯ ಇಟ್ಟುಕೊಂಡು ಸ್ಟಾಪ್ ಮೋಷನ್ (ಗೊಂಬೆಯನ್ನು ಚೂರುಚೂರೇ ಸರಿಸುತ್ತಾ ತೆಗೆದ ಫೋಟೋಗಳನ್ನು ಸಾಲಾಗಿ ಓಡಿಸುವ ಫಿಲ್ಮ್) ಮಾಡುತ್ತಿರುವವರು ದಯವಿಟ್ಟು ಇದನ್ನು ಓದಿಯೇ ಎಡಿಟಿಂಗಿಗೆ ಕೂರಿ.

ಕ್ಲೇ ಗೊಂಬೆಗಳ ಕಾಳಗ ಅದು. ಸೆಕೆಂಡಿಗೆ 12 ಫ್ರೇಮ್, ಅಂದರೆ 12 ಫೋಟೋ, ಲೆಕ್ಕದಲ್ಲಿ ತೆಗೆದಿದ್ದೆ. ಒಂದು ಗೊಂಬೆ ಮಷಿನ್ ಗನ್ ಹಿಡಿದು ಒಂದೇ ಸಮನೆ ಗುಂಡು ಹಾರಿಸಬೇಕು. ಪ್ರತಿ ಫೋಟೋಗೂ ಬಂದೂಕನ್ನು ಕೂದಲೆಳೆಯಷ್ಟು ಹಿಂದೆ ತಳ್ಳಿ, ಮತ್ತೆ ಮುಂದೆ ತಂದು, ಎರಡು ಸಂಜೆ ಕೂತು ತೆಗೆದ ಶಾಟ್. ಮುಗಿದ ಮೇಲೆ ಗೊಂಬೆಯನ್ನು ಮುದ್ದೆ ಮಾಡಿ ಮುಂದಿನ ಪಾತ್ರಕ್ಕೆ ಬಳಸಿದೆ. ಮೆಮೊರಿ ಕಾರ್ಡನ್ನೂ ಖಾಲಿ ಮಾಡಿದೆ.

ಆಮೇಲೆ ಕಂಪ್ಯೂಟರಿನಲ್ಲಿ ನಳಿಕೆಯ ತುದಿಗೆ ಮಜಲ್ ಫ್ಲ್ಯಾಶ್ (ಗುಂಡು ಹಾರುವಾಗ ಅಲ್ಲಿ ಹೊಳೆಯುವ ಬೆಂಕಿ) ಬರೆಯಲು ಕೂತೆ. ನಕ್ಷತ್ರದ ಆಕಾರ, ನಡುವೆ ಬಿಳಿ, ಸುತ್ತ ಹಳದಿ, ಅಂಚಿಗೆ ಕಿತ್ತಳೆ. ಚೆನ್ನಾಗಿಯೇ ಬಂತು. ನಿಜವಾದ ಫ್ಲ್ಯಾಶಿನ ಫೋಟೋ ತಂದು ಅಂಟಿಸಿದರೆ ಕ್ಲೇ ಗೊಂಬೆಯ ಪಕ್ಕ ಅದು ಹೊಂದುವುದಿಲ್ಲ. ಗಟ್ಟಿ ಅಂಚಿನ, ಕೈಯಲ್ಲಿ ಬರೆದ ಆಕಾರವೇ ಒಪ್ಪುತ್ತದೆ. ಈಗಲೂ ನಾನು ಹಾಗೇ ಬರೆಯುತ್ತೇನೆ. ಎಡವಿದ್ದು ಬೇರೆ ಕಡೆ. ಇನ್ನೊಂದು ಲೇಯರ್ (ಫೋಟೋ ಮೇಲೆ ಹಾಸುವ ಪ್ರತ್ಯೇಕ ಪದರ) ಮಾಡದೆ ಫೋಟೋ ಮೇಲೆಯೇ ಬರೆದೆ. ಅದೇ ಹೆಸರಿನ ಅದೇ ಜೆಪೆಗ್ ಫೈಲಿಗೆ ಸೇವ್ ಒತ್ತಿದೆ. ಒಂದು ಬಿಟ್ಟು ಒಂದು ಫ್ರೇಮಿಗೆ, ಒಟ್ಟು 18.

ಕತ್ತಲೆ ಕೋಣೆಯಲ್ಲಿ, ದೊಡ್ಡ ಪರದೆಯ ಮೇಲೆ ನಾಲ್ಕೈದು ಜನರಿಗೆ ತೋರಿಸಿದೆ. ಆ ದೃಶ್ಯ ಬಂದಾಗ ಗೆಳೆಯನೊಬ್ಬ ಕಣ್ಣು ಮುಚ್ಚಿಕೊಂಡು ಎದ್ದು ಹೊರಗೆ ಹೋದ. ತಲೆ ಸಿಡಿಯುತ್ತಿದೆ ಅಂದ. ಆಗ ಲೆಕ್ಕ ಹಾಕಿದೆ. ಸೆಕೆಂಡಿಗೆ 6 ಸಲ ಮಿನುಗುತ್ತಿತ್ತು! ಯಾವುದೇ ಒಂದು ಸೆಕೆಂಡಿನಲ್ಲಿ 3ಕ್ಕಿಂತ ಜಾಸ್ತಿ ಮಿನುಗು ಬೇಡ ಎಂದು ವೆಬ್‌ಗಾಗಿ ಮಾಡಿರುವ ಅಂತರರಾಷ್ಟ್ರೀಯ ಮಾರ್ಗಸೂಚಿಯೇ ಹೇಳುತ್ತದೆ. ಸುಮ್ನೆ ಬರೆದಿಟ್ಟ ನಿಯಮ ಅಲ್ಲ ಅದು. 1997ರ ಡಿಸೆಂಬರ್‌ನಲ್ಲಿ ಜಪಾನಿನ ಟಿವಿಯಲ್ಲಿ ಬಂದ ಪೋಕೆಮಾನ್ ಕಾರ್ಟೂನಿನ ಒಂದು ಕಂತಿನಲ್ಲಿ ಕೆಂಪು ನೀಲಿ ಬೆಳಕು ಸರಸರನೆ ಮಿನುಗಿತ್ತು. 600ಕ್ಕೂ ಜಾಸ್ತಿ ಜನ, ಅದರಲ್ಲೂ ಮಕ್ಕಳು, ಆಸ್ಪತ್ರೆ ಸೇರಿದರು. ಕೆಲವರಿಗೆ ಫಿಟ್ಸ್ ಬಂದಿತ್ತು. ನನ್ನ ಗೆಳೆಯನದು ತಲೆನೋವಿಗೇ ಮುಗಿಯಿತು. ಅವನ ಜಾಗದಲ್ಲಿ ಫಿಟ್ಸ್ ಇರುವ ಯಾರಾದರೂ ಕೂತಿದ್ದರೆ? ನೆನೆಸಿಕೊಂಡರೆ ಈಗಲೂ ಭಯವಾಗುತ್ತದೆ.

ಸರಿ, ಅರ್ಧ ಫ್ಲ್ಯಾಶ್ ತೆಗೆದರಾಯಿತು ಅಲ್ವಾ? ತೆಗೆಯುವುದು ಹೇಗೆ? ಅದರ ಅಡಿಯಲ್ಲಿದ್ದ ಗೋಡೆ, ನಳಿಕೆಯ ತುದಿ, ಏನೂ ಉಳಿದಿರಲಿಲ್ಲ. ಪಕ್ಕದ ಫ್ರೇಮಿನಿಂದ ತುಂಡು ತಂದು ಮುಚ್ಚೋಣ ಅಂದರೆ ಅಲ್ಲಿ ಬಂದೂಕು ಬೇರೆ ಜಾಗದಲ್ಲಿದೆ. ಚಿತ್ರದ ಒಂದು ಭಾಗವನ್ನು ಇನ್ನೊಂದರ ಮೇಲೆ ನಕಲು ಮಾಡುವ ಕ್ಲೋನ್ ಟೂಲ್‌ನಲ್ಲಿ ತಿದ್ದಿದೆ. ಒಂದೊಂದೇ ಫ್ರೇಮ್ ನೋಡಿದರೆ ಪರವಾಗಿಲ್ಲ ಅನಿಸುತ್ತಿತ್ತು. ಓಡಿಸಿದ ಕೂಡಲೇ ತೇಪೆ ಹಾಕಿದ ಜಾಗ ಕುದಿಯುವ ನೀರಿನಂತೆ ಅಲ್ಲಾಡುತ್ತಿತ್ತು. ಸಾಲದ್ದಕ್ಕೆ ಜೆಪೆಗ್ ಫೈಲನ್ನು ತಿದ್ದಿ ಸೇವ್ ಮಾಡಿದಾಗಲೆಲ್ಲ ಚಿತ್ರದ ಗುಣಮಟ್ಟ ಇನ್ನಷ್ಟು ಇಳಿಯುತ್ತದೆ. ಹಾಗಾಗಿ ತಿದ್ದಿದ ಫ್ರೇಮುಗಳೆಲ್ಲ ಎದ್ದು ಕಾಣುತ್ತಿದ್ದವು. ಕೊನೆಗೆ ಆ ದೃಶ್ಯವನ್ನೇ ಕತ್ತರಿಸಿದೆ.

ಈಗ ಏನೇ ಶುರು ಮಾಡುವ ಮೊದಲು ಫೋಟೋಗಳ ಫೋಲ್ಡರನ್ನು ಇನ್ನೊಂದು ಡಿಸ್ಕಿಗೆ ಕಾಪಿ ಮಾಡುತ್ತೇನೆ. ಫ್ಲ್ಯಾಶ್‌ಗಳನ್ನು ಹಿನ್ನೆಲೆ ಇಲ್ಲದ ಪಿಎನ್‌ಜಿ ಫೈಲುಗಳಾಗಿ ಬರೆದು, ಎಡಿಟಿಂಗಿನಲ್ಲಿ ಮೇಲಿನ ಟ್ರ್ಯಾಕಿಗೆ ಕೂರಿಸುತ್ತೇನೆ. ಐದಾರು ಆಕಾರ ಇದ್ದರೆ ಸಾಕು, ತಿರುಗಿಸಿ ಬಳಸಬಹುದು. ಒಂದು ಗುಂಡಿಗೆ ಒಂದೇ ಫ್ರೇಮ್. 12ರ ಲೆಕ್ಕದಲ್ಲಿ ಎರಡು ಫ್ಲ್ಯಾಶ್‌ಗಳ ನಡುವೆ ಕಡಿಮೆ ಎಂದರೂ 3 ಫ್ರೇಮ್ ಖಾಲಿ ಬಿಡಿ. ಗುಂಡಿನ ಸದ್ದು ಅದಕ್ಕಿಂತ ವೇಗವಾಗಿದ್ದರೂ ನಡೆಯುತ್ತದೆ. ಸೆಕೆಂಡಿಗೆ 24 ಫ್ರೇಮಿಗೆ ಏರಿಸುವಾಗ ಫ್ರೇಮ್ ಬ್ಲೆಂಡಿಂಗ್ (ಅಕ್ಕಪಕ್ಕದ ಫ್ರೇಮುಗಳನ್ನು ಬೆರೆಸುವ ಆಯ್ಕೆ) ಆಫ್ ಇರಲಿ, ಇಲ್ಲದಿದ್ದರೆ ಫ್ಲ್ಯಾಶ್ ಪಕ್ಕದ ಫ್ರೇಮಿಗೂ ಮಸುಕಾಗಿ ಹರಡುತ್ತದೆ.

ಶೂಟ್ ಮಾಡುವಾಗಲೇ ಮಾಡಬಹುದಾದ್ದು ಇನ್ನೊಂದಿದೆ. ಗುಂಡು ಹಾರುವ ಭಂಗಿಯಲ್ಲಿ ಎರಡೆರಡು ಫೋಟೋ ತೆಗೆಯಿರಿ. ಒಂದು ಮಾಮೂಲಿ ಬೆಳಕಿನಲ್ಲಿ, ಇನ್ನೊಂದು ನಳಿಕೆಯ ಹತ್ತಿರ ಪುಟ್ಟ ಎಲ್ಇಡಿ ಹಿಡಿದು. ಗೊಂಬೆಯ ಮುಖಕ್ಕೆ ಬೀಳುವ ಆ ಬೆಳಕನ್ನು ಆಮೇಲೆ ಬರೆದು ತರುವುದು ತುಂಬಾ ಕಷ್ಟ. ಫ್ಲ್ಯಾಶ್ ಬೇಡ ಅನಿಸಿದ ಕಡೆ ಮಾಮೂಲಿ ಫೋಟೋ ಕೈಯಲ್ಲೇ ಇರುತ್ತದೆ. ಇನ್ನು ಗೊಂಬೆಯನ್ನಂತೂ ಫಿಲ್ಮ್ ಪೂರ್ತಿ ಮುಗಿಯುವ ತನಕ ಮುದ್ದೆ ಮಾಡಬೇಡಿ.