‘ಬಂದೇ ಬಿಟ್ಟೆ’ ಎಂಬುದನ್ನು ಬೇರೆ ಬೇರೆ ಬಗೆಯಲ್ಲಿ ಕಳಿಸಿ ನೋಡಿದೆ

ಇಂಗ್ಲಿಷಿನವರು ಕೂಗಬೇಕಾದರೆ ದೊಡ್ಡಕ್ಷರದಲ್ಲಿ ಬರೆಯುತ್ತಾರೆ. ಕನ್ನಡ ಲಿಪಿಯಲ್ಲಿ ಆ ಭೇದವೇ ಇಲ್ಲ. ಮೊಬೈಲಿನಲ್ಲಿ ದನಿ ಏರಿಸಲು ನಮಗೆ ಬೇರೆ ದಾರಿ ಬೇಕು. ಊರಿಗೆ ಹೊರಟ ದಿನ ‘ಬಂದೇ ಬಿಟ್ಟೆ’ ಎಂಬ ಒಂದೇ ಮಾತನ್ನು ತಂಗಿಗೂ ಅಮ್ಮನಿಗೂ ಬಗೆಬಗೆಯಾಗಿ ಕಳಿಸಿದೆ.

ತಂಗಿಯದು ಐಫೋನ್. 2024ರಲ್ಲಿ ಬಂದ ಅದರ ಕಾರ್ಯವ್ಯವಸ್ಥೆ ಐಒಎಸ್ 18ರಿಂದ, ಐಫೋನಿನ ಸಂದೇಶ ಸೇವೆಯಾದ ಐಮೆಸೇಜ್‌ನಲ್ಲಿ ಬೇಕಾದ ಪದವೊಂದನ್ನೇ ಆರಿಸಿ ಅದಕ್ಕೆ ಚಲನೆ ಕೊಡಬಹುದು. ‘ಬಿಗ್’ ಕೊಟ್ಟಾಗ ‘ಬಂದೇ’ ಸಂಭ್ರಮದಿಂದ ಉಬ್ಬಿತು. ‘ಶೇಕ್’ ಕೊಟ್ಟರೆ ಅದೇ ಪದ ಗದರಿಸಿದಂತೆ ಕಂಡಿತು. ನನಗೆ ಎಲ್ಲಕ್ಕಿಂತ ಹಿಡಿಸಿದ್ದು ‘ಸ್ಮಾಲ್’. ಹಿಂದೊಮ್ಮೆ ಜಗಳವಾಡಿದ ಮೇಲೆ ‘ಕ್ಷಮಿಸು’ ಎಂದು ಹಾಗೆ ಕಳಿಸಿದ್ದೆ; ಕುಗ್ಗುವ ಆ ಪದ ತಲೆ ತಗ್ಗಿಸಿ ಆಡಿದ ಮಾತಿನಂತೆಯೇ ಇತ್ತು. ಅಕ್ಷರದ ಚಲನೆಯಿಂದ ಭಾವ ಮೂಡಿಸುವ ತಂತ್ರಾಂಶವನ್ನು ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಸಂಶೋಧಕರು 2002ರಲ್ಲೇ ರೂಪಿಸಿದ್ದರು. ಗಣಕದ ನಗುಮುಖದ ಚಿಹ್ನೆ 1982ರಲ್ಲಿ ಹುಟ್ಟಿದ್ದೂ ಅಲ್ಲಿಯೇ.

ಟೆಲಿಗ್ರಾಂನಲ್ಲಿ ಎಮೋಜಿಯೊಂದನ್ನೇ ಕಳಿಸಿದರೆ ಅದು ದೊಡ್ಡದಾಗಿ ಕುಣಿಯುತ್ತದೆ. ಚೆಂದವೇ, ಆದರೆ ಕುಣಿಯುವುದು ಚಿತ್ರ, ನನ್ನ ಮಾತಲ್ಲ.

ಅಮ್ಮನದು ಆಂಡ್ರಾಯ್ಡ್, ಅವಳಿಗೆ ವಾಟ್ಸ್ಆ್ಯಪ್ ಸಾಕು. ಅಲ್ಲಿ ನಕ್ಷತ್ರ ಚಿಹ್ನೆಗಳ ನಡುವೆ ಬರೆದ ಪದ ದಪ್ಪವಾಗುತ್ತದೆ, ಚಲಿಸುವುದಿಲ್ಲ. ಚಲಿಸುವ ಸ್ಟಿಕ್ಕರುಗಳೇನೋ ಇವೆ, ಹಬ್ಬದ ದಿನ ನಮ್ಮ ಮನೆಯವರ ಗುಂಪು ಅವುಗಳಿಂದಲೇ ತುಂಬುತ್ತದೆ. ಆದರೆ ದೊಡ್ಡಪ್ಪ ತೀರಿಕೊಂಡ ದಿನ ಮಿನುಗುವ ದೀಪದ ‘ಓಂ ಶಾಂತಿ’ ಸಾಲುಸಾಲಾಗಿ ಬಂದಾಗ ನನಗೆ ಸಂಕಟವಾಯಿತು. ನಾನೂ ಅದನ್ನೇ ಒತ್ತಲು ಹೋಗಿ ಕೈ ಹಿಂದೆಗೆದೆ. ಅವರು ನನಗೆ ಸೈಕಲ್ ಕಲಿಸಿದ್ದನ್ನು ನಾಲ್ಕು ಸಾಲಿನಲ್ಲಿ ಬರೆದು ದೊಡ್ಡಮ್ಮನಿಗೆ ಕಳಿಸಿದೆ. ಸಾವಿನ ಮನೆಗೆ ಅಲುಗದ ಅಕ್ಷರವೇ ಸರಿ.

ಇನ್ನುಳಿದದ್ದು ಪ್ಲುತ. ಕೂಗಿ ಕರೆಯುವಾಗ ಎಳೆಯುವ ಸ್ವರಕ್ಕೆ ನಮ್ಮ ವ್ಯಾಕರಣ ಮೂರು ಮಾತ್ರೆಯ ಕಾಲ ಕೊಟ್ಟಿದೆ. ಅಚ್ಚಿನಲ್ಲಿ ಆ ಎಳೆತವನ್ನು ಅವಗ್ರಹ ಎಂಬ ‘ಽ’ ಚಿಹ್ನೆಯಿಂದ ತೋರಿಸುವುದುಂಟು. ಯಾವ ಫೋನಾದರೂ ನಡೆಯುತ್ತದೆ, ಓದುವವರ ಕಿವಿಯಲ್ಲೇ ಅಕ್ಷರ ಚಲಿಸುತ್ತದೆ. ಐಫೋನಿನ ಕುಗ್ಗುವ ಪದದ ನಯ ಇದಕ್ಕಿಲ್ಲ, ಪಿಸುಮಾತನ್ನು ಪ್ಲುತದಲ್ಲಿ ಹೇಳಲಾಗದು. ಆದರೂ ಅಮ್ಮನ ಮಟ್ಟಿಗೆ ನನ್ನ ಆಯ್ಕೆ ಇದೇ.

ಅಂದು ಮೊದಲು ಓಡುವ ಬಸ್ಸಿನ ಸ್ಟಿಕ್ಕರ್ ಕಳಿಸಿದೆ. ಅಮ್ಮ ಹೆಬ್ಬೆರಳು ತೋರಿಸಿದಳು. ಆಮೇಲೆ ‘ಬಂದೇಽಽ ಬಿಟ್ಟೆ’ ಎಂದು ಬರೆದೆ. ‘ಬಾಽಽ, ಅನ್ನಕ್ಕೆ ಇಡುತ್ತೇನೆ’ ಎಂದು ಉತ್ತರ ಬಂತು.