ವೆಬ್‌ಸೈಟ್ ತೆರೆಯಿತೆಂದು ಸಮಾಧಾನಪಡಬೇಡಿ: ಹೋಸ್ಟಿಂಗ್ ಬದಲಿಸಿದಾಗ ನಮ್ಮ ಇ-ಮೇಲ್ ಕಾಣೆಯಾದ ಬಗೆ

ವೆಬ್‌ಸೈಟನ್ನು ತನ್ನ ಸರ್ವರ್‌ನಲ್ಲಿ ಇಟ್ಟುಕೊಳ್ಳುವ ಹೋಸ್ಟಿಂಗ್ ಕಂಪನಿಯನ್ನು ಬದಲಿಸಲು ಹೊರಟಾಗ ಹೊಸ ಕಂಪನಿಯವರು “ನೇಮ್‌ಸರ್ವರ್ ಬದಲಿಸಿಬಿಡಿ, 24ರಿಂದ 48 ಗಂಟೆಯೊಳಗೆ ಎಲ್ಲವೂ ತಾನಾಗಿಯೇ ಸರಿಹೋಗುತ್ತದೆ” ಎಂದರೆ, ಅದಕ್ಕೆ ಒಪ್ಪುವ ಮೊದಲು ನಮಗಾದ ಪಾಡನ್ನು ಓದಿ. ನೇಮ್‌ಸರ್ವರ್ ಎಂದರೆ ನಿಮ್ಮ ಡೊಮೇನಿನ (ಇಂಟರ್ನೆಟ್‌ನಲ್ಲಿನ ನಿಮ್ಮ ಹೆಸರಿನ) ವೆಬ್‌ಸೈಟ್, ಇ-ಮೇಲ್ ಯಾವ ಸರ್ವರ್‌ನಲ್ಲಿವೆ ಎಂದು ಕೇಳಿದವರಿಗೆ ಹೇಳುವ ಸರ್ವರ್.

ಬೆಳಗಾವಿಯ ಉದ್ಯಮಬಾಗದ ಒಂದು ಫೌಂಡ್ರಿಯಲ್ಲಿ ನಾನು ಲೆಕ್ಕಪತ್ರದ ಜೊತೆಗೆ ಕಂಪ್ಯೂಟರ್ ಕೆಲಸವನ್ನೂ ನೋಡಿಕೊಳ್ಳುತ್ತೇನೆ. ನಮ್ಮಲ್ಲಿ ವೆಬ್‌ಸೈಟ್ ಇರುವುದು ಹೆಸರಿಗೆ. ಕೆಲಸ ಬರುವುದು ಇ-ಮೇಲ್‌ನಿಂದ. ಪುಣೆ, ಕೊಲ್ಹಾಪುರದ ಗ್ರಾಹಕರು ಡ್ರಾಯಿಂಗ್ ಕಳಿಸುತ್ತಾರೆ, ನಾವು ಕೊಟೇಶನ್ ಕಳಿಸುತ್ತೇವೆ. ವೆಬ್‌ಸೈಟ್ ಒಂದು ಕಂಪನಿಯಲ್ಲಿ, ಇ-ಮೇಲ್ ಇನ್ನೊಂದು ಕಂಪನಿಯಲ್ಲಿ ಇತ್ತಾದರೂ, ಎರಡಕ್ಕೂ ದಾರಿ ತೋರಿಸುವ ಡಿಎನ್‌ಎಸ್ ದಾಖಲೆಗಳೆಲ್ಲ ಹಳೆಯ ಹೋಸ್ಟಿಂಗ್‌ನವರ ನೇಮ್‌ಸರ್ವರ್‌ನಲ್ಲೇ ಇದ್ದವು. ಹೊಸ ಕಂಪನಿಯವರು ಇದನ್ನು ಕೇಳಲೂ ಇಲ್ಲ, ನೋಡಲೂ ಇಲ್ಲ. ಮಾಲೀಕರಿಂದ ರಿಜಿಸ್ಟ್ರಾರ್ (ಡೊಮೇನ್ ಹೆಸರು ನೋಂದಾಯಿಸಿಕೊಡುವ ಕಂಪನಿ) ಖಾತೆಯ ಪಾಸ್‌ವರ್ಡ್ ಪಡೆದು ನೇಮ್‌ಸರ್ವರ್ ಬದಲಿಸಿದರು. ಹಳೆಯ ಖಾತೆಯನ್ನು ಇನ್ನು ಮುಚ್ಚಬಹುದೆಂದು ಹೇಳಿ ಅದನ್ನೂ ಮುಚ್ಚಿಸಿದರು. ಮರುದಿನ ನಾನು ವಿಚಾರಿಸಿದಾಗ ಮಾಲೀಕರು, “ಸೈಟ್ ಚಲೋ ಕಾಣಾಕತ್ತೈತಲ್ಲ, ಮತ್ತೇನ್ ಬಾಕಿ ಐತಿ?” ಎಂದರು.

ಬಾಕಿ ಇದ್ದದ್ದು ಎಂಎಕ್ಸ್ ರೆಕಾರ್ಡ್, ಅಂದರೆ ಇ-ಮೇಲ್ ಯಾವ ಸರ್ವರ್‌ಗೆ ಹೋಗಬೇಕೆಂದು ಹೇಳುವ ದಾಖಲೆ. ಹೊಸ ನೇಮ್‌ಸರ್ವರ್‌ನಲ್ಲಿ ಇದ್ದುದು ನಮ್ಮ ದಾಖಲೆಗಳ ನಕಲಲ್ಲ, ಅವರ ಕಂಟ್ರೋಲ್ ಪ್ಯಾನೆಲ್ ಪ್ರತಿ ಗ್ರಾಹಕರಿಗೂ ತಾನಾಗಿ ತಯಾರಿಸುವ ಸಿದ್ಧಮಾದರಿ. ಅದರಲ್ಲಿ ವೆಬ್‌ಸೈಟ್‌ನ ವಿಳಾಸವೂ ಅವರ ಸರ್ವರ್‌ನದೇ, ಇ-ಮೇಲ್ ಹೋಗಬೇಕಾದ ವಿಳಾಸವೂ ಅದೇ. ಪುಣೆಯ ಗ್ರಾಹಕರೊಬ್ಬರು ಫೋನ್ ಮಾಡಿ, ಡ್ರಾಯಿಂಗ್‌ಗೆ ಉತ್ತರವೇಕಿಲ್ಲ ಎಂದು ಕೇಳಿದ ಮೇಲೆ ಹುಡುಕಿದರೆ, ಆ ಸರ್ವರ್‌ನಲ್ಲಿ ಯಾರ ಹೆಸರಿಗೆ ಬಂದ ಪತ್ರವನ್ನಾದರೂ ಸ್ವೀಕರಿಸುವ ಒಂದು ಡಿಫಾಲ್ಟ್ ಅಂಚೆಪೆಟ್ಟಿಗೆ ಸಿಕ್ಕಿತು. ವಿಚಾರಣೆಗಳು, ಆರ್ಡರ್‌ಗಳು, ಬಾಕಿ ಹಣದ ಪತ್ರಗಳು ಎಲ್ಲವೂ ಅದರಲ್ಲಿದ್ದವು. ಕಳಿಸಿದವರಿಗೆ ಒಂದು ದೋಷದ ಸೂಚನೆಯೂ ಹೋಗಿರಲಿಲ್ಲ. ಮೇಲ್ ಸರ್ವರ್ ಪೂರ್ತಿ ಸಿಗದೇ ಹೋಗಿದ್ದರೆ ಕಳಿಸುವವರ ಸರ್ವರ್ ಪತ್ರವನ್ನು ಸಾಮಾನ್ಯವಾಗಿ ನಾಲ್ಕೈದು ದಿನ ಸರದಿಯಲ್ಲಿಟ್ಟುಕೊಂಡು ಮತ್ತೆಮತ್ತೆ ಯತ್ನಿಸುತ್ತಿತ್ತು. ಇಲ್ಲಿ ತಪ್ಪು ಸರ್ವರ್ “ತಲುಪಿತು” ಎಂದು ಉತ್ತರಿಸಿದ್ದರಿಂದ ಆ ರಕ್ಷಣೆಯೂ ಇಲ್ಲವಾಯಿತು. ನಾವು ಕಳಿಸಿದ ಪತ್ರಗಳ ಗತಿಯೂ ಚೆನ್ನಾಗಿರಲಿಲ್ಲ. ಪತ್ರ ನಿಜವಾಗಿ ನಮ್ಮಿಂದಲೇ ಬಂದದ್ದೆಂದು ತೋರಿಸುವ ಎಸ್‌ಪಿಎಫ್, ಡಿಕೆಐಎಂ ದಾಖಲೆಗಳು ಅಳಿಸಿಹೋಗಿದ್ದವು, ಮತ್ತು 2024ರ ಫೆಬ್ರವರಿಯಿಂದ ಜಿಮೇಲ್‌ಗೆ ಪತ್ರ ಕಳಿಸುವ ಪ್ರತಿಯೊಬ್ಬರೂ ಇವೆರಡರಲ್ಲಿ ಒಂದನ್ನಾದರೂ ಹೊಂದಿರಬೇಕೆಂಬ ನಿಯಮವಿದೆ.

ಇನ್ನೊಂದು ತೊಂದರೆ ಇದಕ್ಕಿಂತ ವಿಚಿತ್ರವಾಗಿತ್ತು. ಕಚೇರಿಯಲ್ಲಿ ತೆರೆಯುತ್ತಿದ್ದ ಸೈಟ್ ಕೆಲವರ ಫೋನಿನಲ್ಲಿ ತೆರೆಯುತ್ತಲೇ ಇರಲಿಲ್ಲ. ಸಹಾಯವಾಣಿಯವರ ಉತ್ತರ ಮಾತ್ರ ಒಂದೇ: 48 ಗಂಟೆ ಕಾಯಿರಿ. ಡಿಎನ್‌ಎಸ್ ದಾಖಲೆ ವಿಚಾರಿಸುವ ಡಿಗ್ ಎಂಬ ಕಮಾಂಡ್‌ನಿಂದ ನಮ್ಮ ಇಂಟರ್ನೆಟ್ ಕಂಪನಿಯ ರಿಸಾಲ್ವರ್‌ಗೆ (ನಮ್ಮ ಪರವಾಗಿ ನೇಮ್‌ಸರ್ವರ್‌ಗಳನ್ನು ಕೇಳಿ ಉತ್ತರ ತರುವ ಸರ್ವರ್‌ಗೆ) ಕೇಳಿದರೆ ಹೊಸ ಸರ್ವರ್‌ನ ವಿಳಾಸ ಬರುತ್ತಿತ್ತು, ಗೂಗಲ್‌ನ ರಿಸಾಲ್ವರ್ 8.8.8.8ಕ್ಕೆ ಕೇಳಿದರೆ “ಸರ್ವ್‌ಫೇಲ್” (ಉತ್ತರ ಕೊಡಲಾಗಲಿಲ್ಲ) ಎಂದಷ್ಟೇ ಬರುತ್ತಿತ್ತು. ಅದೇ ಪ್ರಶ್ನೆಯನ್ನು ಡಿಜಿಟಲ್ ಸಹಿಯ ಪರಿಶೀಲನೆ ಬೇಡವೆಂಬ ಸೂಚನೆಯೊಂದಿಗೆ ಕೇಳಿದಾಗ ಅಲ್ಲಿಂದಲೂ ಸರಿಯಾದ ವಿಳಾಸ ಬಂತು, ಕಾರಣವೂ ಗೊತ್ತಾಯಿತು. ಹಳೆಯ ಹೋಸ್ಟಿಂಗ್‌ನವರು ಡಿಎನ್‌ಎಸ್ ದಾಖಲೆಗಳು ಅಸಲಿ ಎಂದು ಡಿಜಿಟಲ್ ಸಹಿಯಿಂದ ತೋರಿಸುವ ಡಿಎನ್‌ಎಸ್‌ಸೆಕ್ ಹಾಕಿದ್ದರು. ದಾಖಲೆಗಳಿಗೆ ಸಹಿ ಇದೆಯೆಂದು ಸಾರುವ ಡಿಎಸ್ ರೆಕಾರ್ಡ್ ರಿಜಿಸ್ಟ್ರಿಯಲ್ಲಿ (ಡಾಟ್ ಕಾಮ್ ಹೆಸರುಗಳೆಲ್ಲದರ ಮೂಲ ಪಟ್ಟಿಯಲ್ಲಿ) ಹಾಗೆಯೇ ಉಳಿದಿತ್ತು, ಹೊಸ ನೇಮ್‌ಸರ್ವರ್‌ನಲ್ಲಿ ಸಹಿಯೇ ಇರಲಿಲ್ಲ. ಸಹಿ ತಾಳೆ ನೋಡುವ ರಿಸಾಲ್ವರ್‌ಗಳು ಇಂಥ ಡೊಮೇನನ್ನು ನಕಲಿ ಎಂದು ತಳ್ಳಿಹಾಕುತ್ತವೆ. ಇದು ಕಾದರೆ ಸರಿಹೋಗುವ ದೋಷವಲ್ಲ. 48 ದಿನ ಕಾದಿದ್ದರೂ ಹಾಗೆಯೇ ಇರುತ್ತಿತ್ತು.

ಡಿಎಸ್ ತೆಗೆಯಲು ರಿಜಿಸ್ಟ್ರಾರ್ ಒಟಿಪಿ ಕಳಿಸಿದ್ದು ನಮ್ಮದೇ ಡೊಮೇನಿನ ಇ-ಮೇಲ್ ವಿಳಾಸಕ್ಕೆ! ಅದೃಷ್ಟಕ್ಕೆ ಅದೂ ಆ ಡಿಫಾಲ್ಟ್ ಪೆಟ್ಟಿಗೆಯಲ್ಲೇ ಬಿದ್ದಿತ್ತು. ಡಾಟ್ ಕಾಮ್‌ನಲ್ಲಿ ಡಿಎಸ್‌ನ ಟಿಟಿಎಲ್ (ರಿಸಾಲ್ವರ್‌ಗಳು ಒಂದು ಉತ್ತರವನ್ನು ಇಟ್ಟುಕೊಳ್ಳುವ ಅವಧಿ) 86,400 ಸೆಕೆಂಡ್, ಅಂದರೆ ಪೂರ್ತಿ ಒಂದು ದಿನ. ತೆಗೆದ ಮೇಲೂ ಅಷ್ಟು ಹೊತ್ತು ಕೆಲವರಿಗೆ ಸೈಟ್ ಸಿಗದು. ಹಳೆಯ ಖಾತೆ ಮುಚ್ಚಿದ್ದರಿಂದ ಹಿಂದಿನ ನೇಮ್‌ಸರ್ವರ್‌ಗೆ ಮರಳುವ ದಾರಿಯೂ ಇರಲಿಲ್ಲ, ಮತ್ತು ಎಂಎಕ್ಸ್, ಡಿಕೆಐಎಂ ವಿವರಗಳನ್ನು ಇ-ಮೇಲ್ ಕಂಪನಿಯ ಅಡ್ಮಿನ್ ಪುಟದಿಂದ ಒಂದೊಂದಾಗಿ ಹೆಕ್ಕಿ ತರಬೇಕಾಯಿತು.

ವೆಬ್‌ಸೈಟ್ ಸ್ಥಳಾಂತರಕ್ಕೆ ನೇಮ್‌ಸರ್ವರ್ ಮುಟ್ಟುವ ಅಗತ್ಯ ಬಹುತೇಕ ಇರುವುದೇ ಇಲ್ಲ. ವೆಬ್‌ಸೈಟ್ ಇರುವ ಸರ್ವರ್‌ನ ವಿಳಾಸ ಹೇಳುವ ಎ ರೆಕಾರ್ಡ್ ಒಂದನ್ನು ಬದಲಿಸಿದರೆ ಸಾಕು. ಐಪಿವಿ6 ಎಂಬ ಹೊಸ ಬಗೆಯ ವಿಳಾಸ ಹೇಳುವ ಎಎಎಎ ರೆಕಾರ್ಡ್ ಇದ್ದರೆ ಅದನ್ನೂ ಬದಲಿಸಬೇಕು, ಇಲ್ಲದಿದ್ದರೆ ಐಪಿವಿ6 ಇರುವ ಮೊಬೈಲ್‌ಗಳು ಹಳೆಯ ಸರ್ವರ್‌ಗೇ ಹೋಗುತ್ತಿರುತ್ತವೆ. ಅವುಗಳ ಟಿಟಿಎಲ್ 86,400 ಇದ್ದರೆ ಮೊದಲು 300ಕ್ಕೆ ಇಳಿಸಿ, ಹಳೆಯ ಅವಧಿಯಾದ ಒಂದು ದಿನ ಕಳೆದ ಮೇಲೆ ವಿಳಾಸ ಬದಲಿಸಬೇಕು. ಎರಡನ್ನೂ ಒಟ್ಟಿಗೆ ಮಾಡಿದರೆ ಇಳಿಸಿದ್ದು ವ್ಯರ್ಥ, ಏಕೆಂದರೆ ರಿಸಾಲ್ವರ್‌ಗಳು ಹಳೆಯ ಉತ್ತರವನ್ನು ಹಳೆಯ ಅವಧಿಯವರೆಗೂ ಇಟ್ಟುಕೊಂಡಿರುತ್ತವೆ. ಅಷ್ಟರಲ್ಲಿ ನಿಮ್ಮ ಕಂಪ್ಯೂಟರಿನ ಹೋಸ್ಟ್ಸ್ ಫೈಲ್‌ನಲ್ಲಿ (ಡಿಎನ್‌ಎಸ್‌ಗಿಂತ ಮೊದಲು ಕಂಪ್ಯೂಟರ್ ನೋಡುವ ಪಟ್ಟಿಯಲ್ಲಿ) ಹೊಸ ವಿಳಾಸ ಬರೆದು ಹೊಸ ಸೈಟನ್ನು ಪರೀಕ್ಷಿಸಬಹುದು. ಸೈಟ್‌ನ ಸಂಪರ್ಕ ಸುರಕ್ಷಿತವೆಂದು ಬ್ರೌಸರ್‌ಗೆ ತೋರಿಸುವ ಎಸ್‌ಎಸ್‌ಎಲ್ ಪ್ರಮಾಣಪತ್ರವನ್ನೂ ಮೊದಲೇ ಪಡೆಯಬೇಕು. ಈ ಪ್ರಮಾಣಪತ್ರವನ್ನು ಉಚಿತವಾಗಿ ಕೊಡುವ ಲೆಟ್ಸ್ ಎನ್‌ಕ್ರಿಪ್ಟ್‌ನಲ್ಲಿ, ವಿಳಾಸ ಬದಲಿಸುವ ಮೊದಲೇ ಡಿಎನ್‌ಎಸ್‌ನ ಟಿಎಕ್ಸ್‌ಟಿ (ಪಠ್ಯ) ರೆಕಾರ್ಡ್ ಮೂಲಕ ಪಡೆಯುವ ಕ್ರಮವಿದೆ.

ನೇಮ್‌ಸರ್ವರನ್ನೇ ಬದಲಿಸಬೇಕಾಗಿ ಬಂದರೆ ಎಲ್ಲ ದಾಖಲೆಗಳನ್ನೂ ಮೊದಲೇ ಹೊಸದರಲ್ಲಿ ನಕಲು ಮಾಡಿ, ಡಿಎಸ್ ತೆಗೆದು ಒಂದು ದಿನ ಬಿಟ್ಟು ಬದಲಿಸಿ. ಡಾಟ್ ಕಾಮ್ ರಿಜಿಸ್ಟ್ರಿಯಲ್ಲಿ ನೇಮ್‌ಸರ್ವರ್ ದಾಖಲೆಯ ಟಿಟಿಎಲ್ 1,72,800 ಸೆಕೆಂಡ್. ಅದನ್ನು ಇಳಿಸುವುದು ನಮ್ಮ ಕೈಯಲ್ಲಿಲ್ಲ. ಆದ್ದರಿಂದ ಆ ಎರಡು ದಿನ ಹಳೆಯ ನೇಮ್‌ಸರ್ವರ್ ಉತ್ತರಿಸುತ್ತಲೇ ಇರಬೇಕು. ಹಳೆಯ ಹೋಸ್ಟಿಂಗ್‌ನ ಹಣವನ್ನು ಇನ್ನೊಂದು ತಿಂಗಳಿಗೆ ಕಟ್ಟಿಬಿಡಿ, ಅದರ ಆಕ್ಸೆಸ್ ಲಾಗ್‌ನಲ್ಲಿ (ಸೈಟ್‌ಗೆ ಯಾರು ಬಂದರೆಂಬ ದಾಖಲೆಯಲ್ಲಿ) ಸರ್ಚ್ ಎಂಜಿನ್‌ಗಳನ್ನು ಬಿಟ್ಟರೆ ಬೇರೆ ಯಾರೂ ಬರುತ್ತಿಲ್ಲವೆಂದು ಖಚಿತವಾದ ಮೇಲಷ್ಟೇ ಖಾತೆ ಮುಚ್ಚಿ.