ಇ-ಎಸ್‌ಸಿಆರ್: ಮೂಲಭೂತ ಹಕ್ಕುಗಳ ತೀರ್ಪು ಓದುವವರಿಗೆ ಎಷ್ಟು ಉಪಯೋಗ?

ಸುಪ್ರೀಂ ಕೋರ್ಟಿನ ಅಧಿಕೃತ ತೀರ್ಪು ಸಂಪುಟಗಳು, ಅಂದರೆ ವಕೀಲರ ಬಾಯಲ್ಲಿ ಎಸ್‌ಸಿಆರ್ (ಸುಪ್ರೀಂ ಕೋರ್ಟ್ ರಿಪೋರ್ಟ್ಸ್), 2023ರ ಜನವರಿಯಿಂದ ಇ-ಎಸ್‌ಸಿಆರ್ ಹೆಸರಿನಲ್ಲಿ ಆನ್‌ಲೈನಿನಲ್ಲಿ ಸಿಗುತ್ತಿವೆ. ಚಂದಾ ಇಲ್ಲ. ಖಾಸಗಿ ಡೇಟಾಬೇಸ್‌ಗೆ ದುಡ್ಡು ಕಟ್ಟಲಾಗದ ತಾಲ್ಲೂಕು ಕೋರ್ಟಿನ ಜೂನಿಯರ್‌ಗಳಿಗೆ, ಕಾನೂನು ವಿದ್ಯಾರ್ಥಿಗಳಿಗೆ ಇದೊಂದೇ ಕಾರಣ ಸಾಕು. ಆದರೆ ಕೇಳಿದ ಸಂಪುಟ ತೆಗೆದುಕೊಡುವಷ್ಟಕ್ಕೆ ಇದರ ಕೆಲಸ ಮುಗಿಯುತ್ತದೆ. ಅದರಲ್ಲಿ ಯಾವ ಮಾತು ಇಂದಿಗೂ ಊರ್ಜಿತ ಎಂಬುದನ್ನು ಓದುವವರೇ ನೋಡಿಕೊಳ್ಳಬೇಕು.

ಖಾಸಗಿತನದ ಹಕ್ಕನ್ನೇ ತೆಗೆದುಕೊಳ್ಳಿ. ಬರೀ 'ಪ್ರೈವಸಿ' ಎಂದು ಹಾಕಿದರೆ ಬೇಕಾದ್ದು ಬೇಡದ್ದು ಎಲ್ಲ ರಾಶಿ ಬೀಳುತ್ತದೆ. ಮೊದಲು ಜೀವ ಮತ್ತು ವೈಯಕ್ತಿಕ ಸ್ವಾತಂತ್ರ್ಯ ಕಾಯುವ ಸಂವಿಧಾನದ 21ನೇ ವಿಧಿಯ 'ಪ್ರೊಸೀಜರ್ ಎಸ್ಟಾಬ್ಲಿಷ್ಡ್ ಬೈ ಲಾ' (ಕಾನೂನು ಗೊತ್ತುಮಾಡಿದ ಕಾರ್ಯವಿಧಾನ) ಎಂಬ ಪದಗುಚ್ಛ ಕೊಟ್ಟು, ಬಂದ ಫಲಿತಾಂಶದೊಳಗೇ ಮತ್ತೆ ಹುಡುಕುವ ಸೌಲಭ್ಯದಲ್ಲಿ 'ಪ್ರೈವಸಿ' ಹಾಕಿ. ಆಮೇಲೆ ಪೀಠದ ಬಲದ, ಅಂದರೆ ನ್ಯಾಯಮೂರ್ತಿಗಳ ಸಂಖ್ಯೆಯ, ಪ್ರಕಾರ ಸೋಸಿ. ಈ ಕೊನೆಯ ಸೌಲಭ್ಯವೇ ತಾಣದ ಅತ್ಯುತ್ತಮ ಭಾಗ. ಎಂ.ಪಿ. ಶರ್ಮಾ (1954) ಎಂಟು ನ್ಯಾಯಮೂರ್ತಿಗಳ ಪೀಠ, ಖರಕ್ ಸಿಂಗ್ (1962) ಆರು. ಖಾಸಗಿತನ ಸಂವಿಧಾನ ಕೊಟ್ಟ ಹಕ್ಕಲ್ಲ ಎಂದಿದ್ದ ಈ ತೀರ್ಪುಗಳನ್ನು ಅವಕ್ಕಿಂತ ಚಿಕ್ಕದಾದ ಐವರ ಪೀಠ ತಳ್ಳಿಹಾಕುವಂತಿರಲಿಲ್ಲ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರ ಅರ್ಜಿಯಲ್ಲಿ ಎದ್ದ ಈ ಪ್ರಶ್ನೆ ಒಂಬತ್ತು ಮಂದಿಯ ಮುಂದೆ ಹೋದದ್ದು ಅದಕ್ಕೇ.

ಆ ಒಂಬತ್ತು ಮಂದಿಯ 2017ರ ತೀರ್ಪು ತೆರೆದವರು ಎಡವುವ ಜಾಗವೊಂದಿದೆ. ಖಾಸಗಿತನ ಮೂಲಭೂತ ಹಕ್ಕು ಎಂಬುದರಲ್ಲಿ ಒಂಬತ್ತೂ ಮಂದಿ ಒಮ್ಮತದವರೇ, ಆದರೆ ಅಭಿಪ್ರಾಯಗಳು ಆರು. ಎಲ್ಲರೂ ಉದ್ಧರಿಸುವ ನ್ಯಾಯಮೂರ್ತಿ ಡಿ.ವೈ. ಚಂದ್ರಚೂಡ್ ಅವರ ಬರಹಕ್ಕೆ ಅವರೂ ಸೇರಿ ನಾಲ್ವರದ್ದಷ್ಟೇ ಸಹಿ. ಒಂಬತ್ತರಲ್ಲಿ ನಾಲ್ಕು ಬಹುಮತವಲ್ಲ. ಅದರ ಒಂದು ಸಾಲನ್ನು 'ನ್ಯಾಯಾಲಯ ಹೇಳಿದೆ' ಎಂದು ಬರೆಯುವ ಮುಂಚೆ ಉಳಿದ ಐವರಲ್ಲಿ ಒಬ್ಬರಾದರೂ ಅದನ್ನೇ ಹೇಳಿದ್ದಾರೆಯೇ ಎಂದು ನೋಡಬೇಕು. ಆರಂಭದ ಸಾರಾಂಶವಾದ ಹೆಡ್‌ನೋಟ್ ಓದಿ ಮುಗಿಸುವವರಿಗೆ ಇದು ತಿಳಿಯುವುದೇ ಇಲ್ಲ. ಹೆಡ್‌ನೋಟ್ ಸಂಪಾದಕರ ಬರಹ, ತೀರ್ಪಿನ ಭಾಗವಲ್ಲ.

ಇನ್ನು ಉಲ್ಲೇಖದ ತಾಪತ್ರಯ. ಹಳೆಯ ಎಸ್‌ಸಿಆರ್‌ನಲ್ಲಿ ಪುಟದ ಅಂಚಿಗೆ ಎ ಯಿಂದ ಎಚ್ ವರೆಗೆ ಅಕ್ಷರಗಳಿರುತ್ತವೆ. ಗುರುತು ಹಾಕುವುದು ಪುಟ ಮತ್ತು ಅಕ್ಷರದಿಂದ. ಖಾಸಗಿ ವರದಿಯಲ್ಲಿ ಕಂಡ 'ಪ್ಯಾರಾ 7' ಎಂಬುದನ್ನು ಮೇನಕಾ ಗಾಂಧಿ ತೀರ್ಪಿನಲ್ಲಿ, 1978ರ 2ನೇ ಸಂಪುಟದ 621ನೇ ಪುಟದಿಂದ, ಹುಡುಕುತ್ತ ಕೂತರೆ ಹೊತ್ತು ಹೋಗುತ್ತದೆ ಅಷ್ಟೇ. ಪ್ಯಾರಾ ಸಂಖ್ಯೆ ಬಿಟ್ಟು, ಆ ಪ್ಯಾರಾದ ನಾಲ್ಕೈದು ಪದ ಹಿಡಿದು ಹುಡುಕಿ. ಹಳೆಯ ಪುಟ ಸ್ಕ್ಯಾನ್ ಆಗುವಾಗ ಅಕ್ಷರ ತಪ್ಪಾಗಿ ಓದಿಸಿಕೊಂಡಿದ್ದರೆ ಅದೂ ಸಿಗದು; ಆಗ ವರ್ಷ ಮತ್ತು ಸಂಪುಟದ ದಾರಿಯೇ ಗತಿ.

ಹೆಚ್ಚು ಅಪಾಯ ಇರುವುದು ಬೇರೆಡೆ. ತುರ್ತು ಪರಿಸ್ಥಿತಿಯಲ್ಲಿ ಬಂಧನವನ್ನು ಪ್ರಶ್ನಿಸುವ ಹೇಬಿಯಸ್ ಕಾರ್ಪಸ್ ಅರ್ಜಿ ನಿಲ್ಲದು ಎಂದ 1976ರ ಎಡಿಎಂ ಜಬಲ್‌ಪುರ ತೀರ್ಪನ್ನು ಪುಟ್ಟಸ್ವಾಮಿ ತೀರ್ಪು ತಳ್ಳಿಹಾಕಿತು. ಜಬಲ್‌ಪುರ ತೀರ್ಪಿನ ಮೂಲ ಸಂಪುಟದ ಪಿಡಿಎಫ್ ಮಾತ್ರ ಅಚ್ಚಾದಾಗ ಹೇಗಿತ್ತೋ ಹಾಗೇ ಇದೆ. 2017ರಲ್ಲಿ ಏನಾಯಿತೆಂಬ ಸುಳಿವು ಅದರೊಳಗೆ ಇರಲು ಸಾಧ್ಯವೇ ಇಲ್ಲ. ಹಳೆಯ ತೀರ್ಪಿನ ಹೆಸರನ್ನೇ ಹುಡುಕು ಪೆಟ್ಟಿಗೆಯಲ್ಲಿ ಹಾಕಿ, ನಂತರದ ದೊಡ್ಡ ಪೀಠಗಳು ಅದರ ಬಗ್ಗೆ ಹೇಳಿದ್ದೇನೆಂದು ನೋಡುವುದು ಕಡ್ಡಾಯ. ಜಬಲ್‌ಪುರ ತೀರ್ಪಿನಲ್ಲಿ ನ್ಯಾಯಮೂರ್ತಿ ಖನ್ನಾ ಅವರ ಭಿನ್ನಮತವನ್ನೂ ಬಿಡಬೇಡಿ, ಕೊನೆಗೆ ಗೆದ್ದದ್ದು ಅದೇ.

ಕೆಲವು ತೀರ್ಪುಗಳ ಕನ್ನಡ ಅನುವಾದವೂ ಇಲ್ಲಿದೆ. ಕಕ್ಷಿದಾರರಿಗೆ ವಿಷಯ ತಿಳಿಸಲು ಸರಿ. ಆದರೆ ಅಧಿಕೃತ ಪಠ್ಯ ಇಂಗ್ಲಿಷಿನದೇ. ಸಂವಿಧಾನ ಸಭೆ ಬೇಡವೆಂದು ಬಿಟ್ಟ 'ಡ್ಯೂ ಪ್ರೊಸೆಸ್' ಮತ್ತು ಉಳಿಸಿಕೊಂಡ 'ಪ್ರೊಸೀಜರ್' ಎರಡೂ ಕನ್ನಡದಲ್ಲಿ 'ಕಾನೂನು ಪ್ರಕ್ರಿಯೆ' ಆಗಿಬಿಟ್ಟರೆ ಕಾನೂನಿನ ವಿಧಾನ ನ್ಯಾಯಸಮ್ಮತವೂ ಆಗಿರಬೇಕೇ ಎಂಬ, 1950ರ ಗೋಪಾಲನ್ ಪ್ರಕರಣದಿಂದ ಮೇನಕಾ ಪ್ರಕರಣದವರೆಗಿನ 28 ವರ್ಷಗಳ ಜಗಳವೇ ಮಾಯ. ಅಂಥ ಪದ ಬಂದಾಗಲೆಲ್ಲ ಇಂಗ್ಲಿಷ್ ಪುಟವನ್ನು ಪಕ್ಕದ ಕಿಟಕಿಯಲ್ಲಿ ತೆರೆದಿಟ್ಟುಕೊಳ್ಳಿ.